ಎತ್ತಿನ ಹೆಗಲ ಹುಣ್ಣು

ಕಬ್ಬಿನ ಹಂಗಾಮು ಬಂದಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಾದಿಗಳಲ್ಲಿ ಕಾರಖಾನೆಗೆ ಹೊರಟ ಚಕ್ಕಡಿಗಳನ್ನು ಕಾಣುತ್ತೇವೆ. ಕೆಲವು ಎತ್ತುಗಳ ಹೆಗಲು ಬಾತು, ಚರ್ಮ ಕಿತ್ತು, ನೊಣ ಮುತ್ತಿರುತ್ತವೆ. ದುಡಿಯುವ ಎತ್ತಿಗೆ ಇದು ಇದ್ದದ್ದೇ ಎಂದು ಹಲವರು ಹೇಳುವುದುಂಟು. ಈ ಮಾತು ಸರಿಯಲ್ಲ. ನೊಗವೂ ಹೇರೂ ಸರಿಯಾಗಿದ್ದರೆ ಈ ಹುಣ್ಣನ್ನು ಬಹುಮಟ್ಟಿಗೆ ತಪ್ಪಿಸಬಹುದು.

ನೊಗದ ಭಾರವೆಲ್ಲ ಹೆಗಲಿನ ಸ್ವಲ್ಪವೇ ಜಾಗದ ಮೇಲೆ ಬೀಳುತ್ತದೆ. ನೊಗ ಒರಟಾಗಿದ್ದರೆ ಹೆಜ್ಜೆ ಹೆಜ್ಜೆಗೂ ಚರ್ಮವನ್ನು ತಿಕ್ಕುತ್ತದೆ. ಬೆವರು, ಧೂಳು ಸೇರಿ ಅಲ್ಲಿ ಹುಣ್ಣಾಗುತ್ತದೆ. ಜೋಡಿಯ ಎತ್ತರ ಹೊಂದದಿದ್ದರೆ ನೊಗ ವಾರೆಯಾಗಿ ಭಾರ ಸಮನಾಗಿ ಹಂಚುವುದಿಲ್ಲ. ಎರಡು ಗಾಲಿಯ ಚಕ್ಕಡಿಯಲ್ಲಿ ಹೇರು ಮುಂದಾದರೆ ಮೂಕಿ ಹೆಗಲನ್ನು ಒತ್ತುತ್ತದೆ. ಹಿಂದಾದರೆ ನೊಗ ಮೇಲೆದ್ದು ಜತ್ತಿಗೆ ಕೊರಳನ್ನು ಬಿಗಿಯುತ್ತದೆ. ಆದುದರಿಂದ ತೂಕವು ಅಚ್ಚಿನ ಮೇಲೆ ನಿಲ್ಲುವಂತೆ ಹೇರತಕ್ಕದ್ದು. ನೊಗವನ್ನು ಕೆತ್ತಿ ನುಣುಪು ಮಾಡತಕ್ಕದ್ದು.

ಸಂಜೆ ಕೊಳ್ಳು ಹರಿದ ಕೂಡಲೆ ಹೆಗಲನ್ನು ಕೈಯಿಂದ ಸವರಿ ನೋಡಬೇಕು. ಬಿಸಿ, ಬಾವು, ಉದುರಿದ ಕೂದಲು ಇವೇ ಮೊದಲ ಸೂಚನೆಗಳು. ಆಗಲೇ ಬಿಡುವು ಕೊಟ್ಟರೆ ಬೇಗ ವಾಸಿಯಾಗುತ್ತದೆ. ಚರ್ಮ ಒಡೆದಿದ್ದರೆ ಕಾಯಿಸಿ ಆರಿಸಿದ ತಿಳಿ ಉಪ್ಪುನೀರಿನಿಂದ ತೊಳೆದು, ನೊಣ ಕೂಡದಂತೆ ಸುತ್ತಲೂ ಬೇವಿನೆಣ್ಣೆ ಹಚ್ಚಿ, ಪಶುವೈದ್ಯರಿಗೆ ತೋರಿಸಬೇಕು. ಪೂರ್ತಿ ಮಾಯುವವರೆಗೆ ನೊಗ ಹೂಡಬಾರದು. ಹಸಿ ಹುಣ್ಣಿನ ಮೇಲೆ ಮತ್ತೆ ನೊಗವಿಟ್ಟರೆ ಅದು ಗಂಟುಕಟ್ಟಿ, ಕೊಯ್ದು ತೆಗೆಯುವ ಪ್ರಸಂಗವೂ ಬರಬಹುದು.

ಕಾಯಿದೆಯೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ, ಗಾಯ ಹುಣ್ಣುಗಳಿಂದ ಕೆಲಸಕ್ಕೆ ಬಾರದಾದ ಪ್ರಾಣಿಯನ್ನು ದುಡಿಸುವುದು ಅಪರಾಧ. ಭಾರ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳ ಮೇರೆಗೆ ದಿನಕ್ಕೆ 9 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ 5 ತಾಸಿಗಿಂತ ಹೆಚ್ಚು ದುಡಿಸಕೂಡದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಕೂಡದು. ಮೊಳೆ ಬಡಿದ ಕೋಲಿನಿಂದ ತಿವಿಯುವುದಕ್ಕೂ ನಿಷೇಧವಿದೆ.

ಚಕ್ಕಡಿಯವನ ಕಷ್ಟವನ್ನು ನಾವು ಬಲ್ಲೆವು. ಟನ್ನಿನ ಲೆಕ್ಕದಲ್ಲಿ ಬಾಡಿಗೆ ಸಿಗುವಾಗ ಹೇರು ಹೆಚ್ಚಿಸುವ ಆಸೆ ಸಹಜ. ಮುಂಗಡ ಹಣ ಪಡೆದವನಿಗೆ ಒಂದು ದಿನ ನಿಲ್ಲುವುದೂ ಕಠಿಣ. ಆದರೆ ಮನುಷ್ಯನಾದವನು ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳಬಲ್ಲ, ಎತ್ತು ಹೇಳಲಾರದು. ನಮ್ಮ ಸಾಲದ ಭಾರವನ್ನು ಅದರ ಹುಣ್ಣಿನ ಮೇಲೆ ಹೇರುವುದು ನ್ಯಾಯವಲ್ಲ. ಇಂದು ನಿಲ್ಲಿಸಿದರೆ ಕೆಲವು ದಿನಗಳ ಗಳಿಕೆ ಹೋಗುತ್ತದೆ. ನಿಲ್ಲಿಸದಿದ್ದರೆ ಹಂಗಾಮು ಮುಗಿಯುವುದರೊಳಗೆ ಎತ್ತೇ ಕೆಲಸಕ್ಕೆ ಬಾರದಾದೀತು.

ಕಾರಹುಣ್ಣಿಮೆಯಂದು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುವವರು ನಾವು. ರೈತಬಾಂಧವರು ದಿನಾಲು ಸಂಜೆ ಒಮ್ಮೆ ಅದರ ಹೆಗಲನ್ನೂ ಮುಟ್ಟಿ ನೋಡಲಿ ಎಂದು ಬಿನ್ನವಿಸುತ್ತೇವೆ.