ವೃಶ್ಚಿಕದ ಕೊಂಡಿ ಮತ್ತು ಮೂಲಾ ನಕ್ಷತ್ರ

ಪಂಚಾಂಗದಲ್ಲಿ ರಾಶಿ ಮತ್ತು ನಕ್ಷತ್ರಗಳು ಒಟ್ಟಿಗೇ ಉಲ್ಲೇಖಗೊಳ್ಳುವುದರಿಂದ ಇವೆರಡೂ ಒಂದೇ ಪರಂಪರೆಗೆ ಸೇರಿದವು ಎಂಬ ಗ್ರಹಿಕೆ ರೂಢವಾಗಿದೆ. ವೃಶ್ಚಿಕ ರಾಶಿಯನ್ನು ಪರಿಶೀಲಿಸಿದಾಗ ಈ ಗ್ರಹಿಕೆಯ ಮಿತಿ ಸ್ಪಷ್ಟವಾಗುತ್ತದೆ.

ಹೆಸರಿಗೆ ತಕ್ಕ ಆಕಾರವುಳ್ಳ ಕೆಲವೇ ತಾರಾಪುಂಜಗಳಲ್ಲಿ ವೃಶ್ಚಿಕವೂ ಒಂದು. ಚೇಳಿನ ತಲೆಯ ಭಾಗದ ತಾರೆಗಳು ಅನೂರಾಧಾ. ಎದೆಯ ಕೆಂಪು ತಾರೆ ಜ್ಯೇಷ್ಠಾ. ಬಾಲ ಮತ್ತು ಕೊಂಡಿಯ ತಾರೆಗಳು ಮೂಲಾ. ಜ್ಯೇಷ್ಠಾ ಸುಮಾರು 550 ಜ್ಯೋತಿರ್ವರ್ಷಗಳ ದೂರದಲ್ಲಿರುವ ಕೆಂಪು ಮಹಾದೈತ್ಯ ತಾರೆ. ಗ್ರೀಕರು ಇದನ್ನು 'ಅಂಟಾರೆಸ್', ಎಂದರೆ ಮಂಗಳನ ಪ್ರತಿಸ್ಪರ್ಧಿ, ಎಂದು ಕರೆದರು. ಫಲಜ್ಯೋತಿಷದಲ್ಲಿಯೂ ಈ ರಾಶಿಗೆ ಕುಜನೇ ಅಧಿಪತಿ. ಇದು ಸ್ಥಿರರಾಶಿ, ಜಲರಾಶಿ, ಚಂದ್ರನಿಗೆ ನೀಚಸ್ಥಾನ.

ಗ್ರೀಕ್ ಪುರಾಣದ ಒಂದು ಪಾಠದಂತೆ, ಮೃಗಗಳನ್ನೆಲ್ಲ ಕೊಲ್ಲುವೆನೆಂದು ಬೀಗಿದ ಬೇಟೆಗಾರ ಒರಾಯನ್‌ನನ್ನು ಭೂದೇವಿ ಕಳುಹಿಸಿದ ಚೇಳು ಕೊಂದಿತು. ಚೇಳು ಮೂಡುವಾಗ ಬೇಟೆಗಾರ ಮುಳುಗುವುದನ್ನು ಈ ಕಥೆ ವಿವರಿಸುತ್ತದೆ. ವೈದಿಕ ನಕ್ಷತ್ರ ಪರಂಪರೆಯಲ್ಲಾದರೋ ಈ ಭಾಗಕ್ಕೆ ಚೇಳಿನ ಕಲ್ಪನೆಯಿಲ್ಲ. ಅನೂರಾಧೆಗೆ ಮಿತ್ರ, ಜ್ಯೇಷ್ಠೆಗೆ ಇಂದ್ರ, ಮೂಲೆಗೆ ನಿರೃತಿ ದೇವತೆಗಳು. ರಾಶಿಚಕ್ರವು ಬ್ಯಾಬಿಲೋನಿಯದಲ್ಲಿ ರೂಪುಗೊಂಡು, ಗ್ರೀಕರ ಮೂಲಕ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಭಾರತದಲ್ಲಿ ನೆಲೆಗೊಂಡಿತು. ವರಾಹಮಿಹಿರನು 6ನೆಯ ಶತಮಾನದ ತನ್ನ ಬೃಹಜ್ಜಾತಕದಲ್ಲಿ ವೃಶ್ಚಿಕಕ್ಕೆ ನೀಡುವ 'ಕೌರ್ಪ್ಯ' ಎಂಬ ಪರ್ಯಾಯನಾಮ ಗ್ರೀಕಿನ 'ಸ್ಕೊರ್ಪಿಯೊಸ್' ಶಬ್ದದ ರೂಪಾಂತರ. ಈ ಸಮನ್ವಿತ ಜಾತಕಶಾಸ್ತ್ರವನ್ನು ಶ್ರೀಧರಾಚಾರ್ಯನು 1049ರಲ್ಲಿ 'ಜಾತಕತಿಲಕ'ದ ಮೂಲಕ ಕನ್ನಡಕ್ಕೆ ತಂದನು.

ಎರಡು ಪದ್ಧತಿಗಳ ಹೊಂದಾಣಿಕೆ ಗಣಿತದಿಂದ ಆದದ್ದು, ಆಕೃತಿಯಿಂದಲ್ಲ. ರಾಶಿಗೆ 30 ಅಂಶ, ನಕ್ಷತ್ರಕ್ಕೆ 13 ಅಂಶ 20 ಕಲೆ. ಆದ್ದರಿಂದ ಒಂದು ರಾಶಿಗೆ ಎರಡೂಕಾಲು ನಕ್ಷತ್ರ. ವಿಶಾಖೆಯ ಕೊನೆಯ ಪಾದ, ಅನೂರಾಧಾ ಮತ್ತು ಜ್ಯೇಷ್ಠೆಗಳಿಗೆ ವೃಶ್ಚಿಕ ಮುಗಿಯುತ್ತದೆ; ಮೂಲಾ ಧನುವಿಗೆ ಸೇರುತ್ತದೆ. ಹೀಗೆ ಆಕಾಶದಲ್ಲಿ ಚೇಳಿನ ಕೊಂಡಿಯಾಗಿರುವುದು ಪಂಚಾಂಗದಲ್ಲಿ ಧನುರಾಶಿಯ ಆರಂಭವಾಗಿದೆ.

ಈ ವ್ಯತ್ಯಾಸ ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಮೂಲಾ ನಕ್ಷತ್ರದ ಕನ್ಯೆ ಮಾವನಿಗೆ, ಜ್ಯೇಷ್ಠೆಯವಳು ಗಂಡನ ಅಣ್ಣನಿಗೆ ಆಗದು ಎಂಬ ನಂಬಿಕೆಯಿಂದ ಇಂದಿಗೂ ಸಂಬಂಧಗಳು ಮುರಿದುಬೀಳುತ್ತವೆ. ಅಥರ್ವವೇದದ 6ನೆಯ ಕಾಂಡದಲ್ಲಿಯೇ ಈ ನಕ್ಷತ್ರಗಳ ಭಯ ಕಾಣಿಸುತ್ತದೆ. ಆದರೆ ಅಲ್ಲಿರುವುದು ಆಗತಾನೆ ಹುಟ್ಟಿದ ಮಗುವಿನ ರಕ್ಷಣೆಯ ಪ್ರಾರ್ಥನೆ, ಸೊಸೆಯ ಪ್ರಸ್ತಾಪವಿಲ್ಲ. ಅಲ್ಲಿ ಬರುವ 'ಜ್ಯೇಷ್ಠಘ್ನೀ' ಎಂದರೆ ಹಿರಿಯನನ್ನು ಕೊಲ್ಲುವವಳು, 'ಮೂಲಬರ್ಹಣ' ಎಂದರೆ ಬೇರು ಕೀಳುವುದು. ಭಯದ ನೆಲೆ ಈ ಹೆಸರುಗಳ ಅರ್ಥದಲ್ಲಿದೆಯೆಂದು ಊಹಿಸಲು ಅವಕಾಶವಿದೆ. ಮಗುವಿನ ಕ್ಷೇಮಕ್ಕಾಗಿ ಹುಟ್ಟಿದ ಪ್ರಾರ್ಥನೆಯ ಶಬ್ದಗಳು ಕಾಲಾಂತರದಲ್ಲಿ ಹೆಣ್ಣಿನ ಮೇಲಿನ ಆರೋಪವಾಗಿ ಮಾರ್ಪಟ್ಟ ಬಗೆಯು ಭಾಷೆ ಮತ್ತು ಸಂಸ್ಕೃತಿಯ ಅಧ್ಯಯನಕಾರರ ಗಮನಕ್ಕೆ ಅರ್ಹವಾಗಿದೆ.