ಹೆಗಲಿಗೆ ಭಾರವಾಗದ, ಗಂಟಿಗೆ ಹೊರೆಯಾಗದ ಲ್ಯಾಪ್‌ಟಾಪ್

ಪರಸ್ಥಳದಲ್ಲಿ ದುಡಿಯುವವನ ಸಾಮಾನುಗಳಲ್ಲಿ ಒಂದೊಂದು ಕಾಲಕ್ಕೆ ಒಂದೊಂದು ವಸ್ತುವು ಪ್ರತಿಷ್ಠೆಯ ಗುರುತಾಗಿ ನಿಲ್ಲುವುದುಂಟು. ಒಮ್ಮೆ ಕೈಗಡಿಯಾರ, ಅನಂತರ ಟ್ರಾನ್ಸಿಸ್ಟರ್ ರೇಡಿಯೋ, ಆ ಬಳಿಕ ಮೊಬೈಲು. ಇಂದು ಲ್ಯಾಪ್‌ಟಾಪಿನ ಸರದಿ. ಆದರೆ ಇದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ಹಗಲೆಲ್ಲ ಗಲ್ಲಾದಲ್ಲಿ ಕುಳಿತು ರಾತ್ರಿ ಮುಕ್ತ ವಿಶ್ವವಿದ್ಯಾನಿಲಯದ ಪದವಿಗಾಗಿ ಓದುವ ತರುಣನಿಗೂ, ತಿಂಗಳ ತೆರಿಗೆ ಲೆಕ್ಕವನ್ನು ಒಪ್ಪಿಸಬೇಕಾದ ಗುಮಾಸ್ತನಿಗೂ ಅದು ಅನ್ನದ ಉಪಕರಣವೇ ಆಗಿದೆ. ನಮ್ಮಲ್ಲಿ ಹಲವರ ಎರಡು ಮೂರು ತಿಂಗಳ ಸಂಬಳವು ಇದಕ್ಕೆ ಒಮ್ಮೆಗೇ ಕರಗುವುದು. ಅದರಲ್ಲಿ ಊರಿನ ತಾಯಿತಂದೆಗಳಿಗೆ ಸಲ್ಲಬೇಕಾದ ಪಾಲೂ ಇರುವುದು. ಆದುದರಿಂದ ಸೀತಾಬರ್ಡಿಯ ಅಂಗಡಿಯ ಮೆಟ್ಟಿಲೇರುವ ಮೊದಲೇ ನಾಲ್ಕು ವಿಷಯಗಳನ್ನು ವಿಚಾರಿಸಿಕೊಳ್ಳುವುದು ಲೇಸು.

ಹೊತ್ತುಕೊಂಡು ಹೋಗಬಲ್ಲ ಗಣಕಯಂತ್ರದ ಕಲ್ಪನೆ ನಮ್ಮ ದಕ್ಷಿಣಕ್ಕೆ ತೀರ ಪರಕೀಯವೇನಲ್ಲ. 1981ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಆಸ್ಬೋರ್ನ್ 1’ ಎಂಬ ಯಂತ್ರವನ್ನು ಹೊರತಂದ ಆಡಂ ಆಸ್ಬೋರ್ನ್ ಬಾಲ್ಯವನ್ನು ಕಳೆದುದು ತಿರುವಣ್ಣಾಮಲೈಯಲ್ಲಿ, ರಮಣ ಮಹರ್ಷಿಗಳ ಸನ್ನಿಧಿಯ ನೆರೆಯಲ್ಲಿ. 2003ರಲ್ಲಿ ತೀರಿಕೊಂಡುದು ಕೊಡೈಕೆನಾಲಿನಲ್ಲಿ. ಆತನ ಯಂತ್ರದ ತೂಕ ಸುಮಾರು 11 ಕಿಲೋ, ಪರದೆ ಐದೇ ಅಂಗುಲ, ಬೆಲೆ 1,795 ಡಾಲರು! ಇಂದು ಅದರ ಎಂಟನೆಯ ಒಂದು ಪಾಲಿನಷ್ಟು ತೂಗುವ ಯಂತ್ರವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೆಲಸವನ್ನು ಮಾಡುತ್ತದೆ. ಆಯ್ಕೆ ಮಾತ್ರ ಸುಲಭವಾಗಿಲ್ಲ.

ಮೊದಲನೆಯ ಪ್ರಶ್ನೆ: ಇದು ನಿಜಕ್ಕೂ ಬೇಕೆ? ಊರಿಗೆ ಹಣ ಕಳುಹಿಸುವುದು, ರೈಲಿನ ಟಿಕೆಟು ಕಾದಿರಿಸುವುದು, ಮನೆಯವರೊಡನೆ ಮುಖ ನೋಡಿ ಮಾತಾಡುವುದು, ಇಷ್ಟೇ ಕೆಲಸವಾದರೆ ಕೈಯಲ್ಲಿರುವ ಮೊಬೈಲೇ ಸಾಕು. ದೀರ್ಘವಾಗಿ ಬರೆಯುವುದು, ಲೆಕ್ಕದ ಹಾಳೆ ತಯಾರಿಸುವುದು, ಪಾಠ ಕೇಳುತ್ತ ಟಿಪ್ಪಣಿ ಮಾಡುವುದು, ಇವಿದ್ದರೆ ಮಾತ್ರ ಮುಂದುವರಿಯಿರಿ. ನಾಲ್ಕು ಜನರ ಮನೆಗೆ ಮದುವೆಯ ಹಂಡೆಯನ್ನು ಯಾರೂ ಕೊಳ್ಳುವುದಿಲ್ಲ. ಆಟಗಳಿಗಾಗಿ ಮಾಡಿದ ಬಲಿಷ್ಠ ಯಂತ್ರಗಳು ತೂಕದಲ್ಲಿ ಹೆಚ್ಚು, ವಿದ್ಯುತ್ತನ್ನು ನುಂಗುವುದರಲ್ಲಿ ಇನ್ನೂ ಹೆಚ್ಚು. ನಮಗೆ ಅವು ಹೇಳಿದವಲ್ಲ.

ಎರಡನೆಯದು ಪ್ರಯಾಣ. ನಾಗಪುರದಿಂದ ಬೆಂಗಳೂರಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಕರಾವಳಿಯವರು ಅಲ್ಲಿಂದ ಮತ್ತೆ ಘಾಟಿ ಇಳಿಯಬೇಕು. ಹೆಗಲಿಗೇರಿಸಿದಾಗ ಅರ್ಧ ಕಿಲೋ ಎಷ್ಟು ದೊಡ್ಡದೆಂಬುದು ಬಲ್ಲಾರ್ಷಾ ದಾಟುವುದರೊಳಗೆ ತಿಳಿಯುವುದು. ಹದಿನಾಲ್ಕು ಅಂಗುಲದ ಪರದೆ, ಒಂದೂವರೆ ಕಿಲೋದ ಒಳಗಿನ ತೂಕ, ಇದು ನಿತ್ಯಕ್ಕೂ ಪ್ರವಾಸಕ್ಕೂ ಒಪ್ಪುವ ಅಳತೆ. ಅಂಗಡಿಯಲ್ಲಿ ಯಂತ್ರದೊಡನೆ ಚಾರ್ಜರನ್ನೂ ಕೈಯಲ್ಲಿ ತೂಗಿ ನೋಡಿ.

ಬ್ಯಾಟರಿಯ ವಿಷಯದಲ್ಲಿ ಜಾಹೀರಾತಿನ ಗಂಟೆಗಳನ್ನು ನಂಬಬೇಡಿ. ಪರದೆಯ ಬೆಳಕನ್ನು ಕುಗ್ಗಿಸಿ ಅಳೆದ ಲೆಕ್ಕ ಅದು. ಬ್ಯಾಟರಿಯ ಮೇಲೆ ‘ವ್ಯಾಟ್-ಅವರ್’ ಎಂಬ ಅಂಕಿಯಿರುತ್ತದೆ. ಅದು 50 ಇದ್ದು, ಸಾಧಾರಣ ಬರವಣಿಗೆಗೆ 8 ವ್ಯಾಟ್ ವೆಚ್ಚವಾಗುವುದಾದರೆ, ಭಾಗಿಸಿದಾಗ ಸುಮಾರು ಆರು ಗಂಟೆ ದೊರೆಯುವುದು. ಇದೇ ಸರಿಯಾದ ಲೆಕ್ಕ. ರೈಲಿನ ಪ್ಲಗ್ಗನ್ನೇ ನೆಚ್ಚಿಕೊಳ್ಳುವಂತಿಲ್ಲ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಅದರ ವಿದ್ಯುತ್ತನ್ನು ನಿಲ್ಲಿಸಬೇಕೆಂದು, ಬೆಂಕಿಯ ಭಯದಿಂದ, 2021ರಲ್ಲಿ ರೈಲ್ವೆಯ ಸೂಚನೆಯಾಗಿದೆ. ಅನೇಕ ಬೋಗಿಗಳಲ್ಲಿ 110 ವೋಲ್ಟಿನ ವಿದ್ಯುತ್ತಿರುವುದರಿಂದ, ಚಾರ್ಜರಿನ ಮೇಲೆ ‘100–240’ ಎಂದು ಬರೆದಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ‘ಟೈಪ್-ಸಿ’ ತೂತಿನಿಂದ ಚಾರ್ಜಾಗುವ ಯಂತ್ರವಾದರೆ ಲ್ಯಾಪ್‌ಟಾಪಿಗೂ ಮೊಬೈಲಿಗೂ ಒಂದೇ ಚಾರ್ಜರು ಸಾಕಾದೀತು. ವಿಮಾನದಲ್ಲಿ ಹೋಗುವವರು ಯಂತ್ರವನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳತಕ್ಕದ್ದು. 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ಅಡ್ಡಿಯಿಲ್ಲ.

ಮೂರನೆಯದು ಈ ಊರಿನ ಬಿಸಿಲು. ಬಹುತೇಕ ಲ್ಯಾಪ್‌ಟಾಪುಗಳನ್ನು 35 ಡಿಗ್ರಿಯವರೆಗಿನ ಹವೆಯಲ್ಲಿ ದುಡಿಯುವುದಕ್ಕೆಂದು ನಿರ್ಮಿಸಿರುತ್ತಾರೆ. ನಮ್ಮ ನಾಗಪುರದ ಮೇ ತಿಂಗಳಲ್ಲಿ ಪಾದರಸವು 45ನ್ನೂ ದಾಟುವುದುಂಟು. ಮಧ್ಯಾಹ್ನ ಸ್ಕೂಟರಿನ ಡಿಕ್ಕಿಯಲ್ಲಿ ಲ್ಯಾಪ್‌ಟಾಪನ್ನಿಟ್ಟು ಹೋಗುವುದೆಂದರೆ ಬ್ಯಾಟರಿಯನ್ನು ಹಂಚಿನ ಮೇಲಿಟ್ಟಂತೆಯೇ ಸರಿ. ಕೂಲರಿನ ಒದ್ದೆ ಗಾಳಿಗೆ ನೇರವಾಗಿ ಒಡ್ಡುವುದೂ ಸಲ್ಲದು. ಹೋಟೆಲಿನವರಿಗೆ ಇನ್ನೊಂದು ಶತ್ರುವಿದೆ: ಒಲೆಯ ಎಣ್ಣೆಹೊಗೆ ಮತ್ತು ಹಿಟ್ಟಿನ ಪುಡಿ. ಇವೆರಡೂ ಸೇರಿ ಯಂತ್ರದೊಳಗಿನ ಪುಟ್ಟ ಫ್ಯಾನಿಗೆ ಜಿಡ್ಡಿನಂತೆ ಅಂಟಿಕೊಳ್ಳುವುವು. ಗಾಳಿಯಾಡದೆ ಯಂತ್ರ ಕಾದು ನಿಧಾನವಾಗುವುದು. ಅಡುಗೆಮನೆಯ ಬಾಗಿಲಿನಿಂದ ಅದನ್ನು ದೂರವಿಡುವುದೇ ಇದಕ್ಕೆ ಮದ್ದು.

ಒಳಗಿನ ಸಾಮರ್ಥ್ಯದ ಮಾತು. ‘ರಾಂ’ ಎಂಬುದು ಅಡುಗೆಯವನ ಮುಂದಿನ ಮೇಜು ಇದ್ದ ಹಾಗೆ. ಮೇಜು ಕಿರಿದಾದರೆ ಎಷ್ಟು ಚುರುಕಿನ ಕೈಯೂ ತೊಡರುವುದು. 8 ಜಿ.ಬಿ. ಕನಿಷ್ಠ, ಐದಾರು ವರ್ಷ ಬಾಳಿಕೆ ಬೇಕಾದವರಿಗೆ 16 ಒಳ್ಳೆಯದು. ಕೆಲವು ಯಂತ್ರಗಳಲ್ಲಿ ಅದನ್ನು ಬೆಸುಗೆ ಹಾಕಿಬಿಟ್ಟಿರುತ್ತಾರಾದ ಕಾರಣ, ಮುಂದೆ ಹೆಚ್ಚಿಸಲು ಬರುವುದೇ ಎಂದು ಮೊದಲೇ ಕೇಳಿರಿ. ಸಂಗ್ರಹಕ್ಕೆ ತಿರುಗುವ ಹಳೆಯ ಹಾರ್ಡ್ ಡಿಸ್ಕಿಗಿಂತ ‘ಎಸ್.ಎಸ್.ಡಿ.’ ಮೇಲು. ತಿರುಗುವ ಭಾಗಗಳಿಲ್ಲದ ಕಾರಣ ರೈಲಿನ ಕುಲುಕಾಟಕ್ಕೂ ಅದು ಜಗ್ಗುವುದಿಲ್ಲ.

ಇನ್ನು ನಮ್ಮ ನುಡಿ. ಕೀಲಿಗಳ ಮೇಲೆ ಕನ್ನಡ ಅಕ್ಷರಗಳು ಅಚ್ಚಾಗಿಲ್ಲವೆಂದು ನಿರಾಶರಾಗಬೇಕಿಲ್ಲ. ಇಂಗ್ಲಿಷ್ ಕೀಲಿಗಳಿಂದಲೇ ಕನ್ನಡ ಬರೆಯುವ ಸುಲಭ ವಿನ್ಯಾಸವನ್ನು ರೂಪಿಸಿದವರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು. ‘ನುಡಿ’ ತಂತ್ರಾಂಶವು ಅನುಸರಿಸುವುದು ಅದನ್ನೇ. 1998ರಲ್ಲಿ ‘ಬರಹ’ವನ್ನು ಹೊರತಂದವರು ಶೇಷಾದ್ರಿವಾಸು. ಈಗಿನ ಯಂತ್ರಗಳಲ್ಲಿಯಾದರೋ ಕನ್ನಡವು ಮೊದಲಿನಿಂದಲೇ ಅಡಕವಾಗಿರುತ್ತದೆ; ತೆರೆದುಕೊಂಡರಾಯಿತು. ಅಂಗಡಿಯಲ್ಲಿಯೇ ‘ಶ್ರೀ’, ‘ಜ್ಞಾನ’, ‘ಕರ್ನಾಟಕ’ ಎಂಬ ಮೂರು ಪದಗಳನ್ನು ಬರೆದು ನೋಡಿ. ಬರೆಯುವಾಗ ಯೂನಿಕೋಡ್ ಪದ್ಧತಿಯಲ್ಲಿಯೇ ಬರೆಯಿರಿ. ಆಗ ಇಲ್ಲಿ ಬರೆದ ಅರ್ಜಿಯು ಕುಂದಾಪುರದಲ್ಲಿಯೂ ಅದೇ ಅಕ್ಷರಗಳಲ್ಲಿ ತೆರೆದುಕೊಳ್ಳುವುದು.

ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರು ಎರಡು ಸಂಗತಿಗಳನ್ನು ಮರೆಯಬಾರದು. ‘ವಿಂಡೋಸ್ 10’ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಉಚಿತ ರಕ್ಷಣಾ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಯಂತ್ರಗಳಲ್ಲಿ, ಕೆಲವೇ ಕೆಲವನ್ನು ಬಿಟ್ಟರೆ, ‘ವಿಂಡೋಸ್ 11’ ಅಧಿಕೃತವಾಗಿ ನಡೆಯುವುದಿಲ್ಲ. ಬ್ಯಾಂಕಿನ ವ್ಯವಹಾರವನ್ನು ಮಾಡುವವರಿಗೆ ಇದು ಸಣ್ಣ ಮಾತಲ್ಲ. ಎರಡನೆಯದಾಗಿ, ಬ್ಯಾಟರಿಯು ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ವರದಿಯನ್ನು ಯಂತ್ರವೇ ಬರೆದುಕೊಡುತ್ತದೆ. ಅಂಗಡಿಯವನಿಂದ ‘ಬ್ಯಾಟರಿ ರಿಪೋರ್ಟ್’ ತೆಗೆಸಿ ಓದಿರಿ. ಅರ್ಧಕ್ಕಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕೂಡಿಸಿಯೇ ಚೌಕಾಶಿ ಮಾಡತಕ್ಕದ್ದು.

ಕೊನೆಯದಾಗಿ ಹಣ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕಕ್ಕೆ ಮರುಳಾಗಬೇಡಿ. ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಿಟ್ಟುಹೋದ ರಿಯಾಯಿತಿಯಲ್ಲಿಯೋ ಸೇವಾಶುಲ್ಕದಲ್ಲಿಯೋ ಬಡ್ಡಿ ಅಡಗಿರುತ್ತದೆ. ರೊಕ್ಕ ಕೊಟ್ಟರೆ ಬೆಲೆಯೆಷ್ಟು, ಕಂತುಗಳ ಒಟ್ಟು ಮೊತ್ತವೆಷ್ಟು ಎಂದು ಎರಡನ್ನೂ ಚೀಟಿಯಲ್ಲಿ ಬರೆಸಿ ಹೋಲಿಸಿರಿ. ಬೆಲೆಯಲ್ಲಿ ಶೇಕಡಾ 18 ಜಿ.ಎಸ್.ಟಿ. ಸೇರಿದೆ. ಶೇಕಡಾ 5ರ ದರದಲ್ಲಿ ನಡೆಯುವ ಹೋಟೆಲಿನ ಹೆಸರಿನಲ್ಲಿ ಕೊಂಡರೂ ಆ ತೆರಿಗೆ ಮರಳಿ ಬರುವುದಿಲ್ಲವೆಂಬುದು ಮಾಲೀಕರ ಗಮನದಲ್ಲಿರಲಿ. ಬಿಲ್ಲನ್ನು ಮಾತ್ರ ಬಿಡಕೂಡದು. ಯಂತ್ರದ ಕ್ರಮಸಂಖ್ಯೆ ಅದರಲ್ಲಿ ನಮೂದಾಗಿರಲಿ. ರೈಲಿನಲ್ಲಿ ಕಳವಾದರೆ ದೂರು ಕೊಡುವುದಕ್ಕೆ ಅದೇ ಆಧಾರ. ಆ ಕಂಪನಿಯ ದುರಸ್ತಿ ಕೇಂದ್ರವು ನಾಗಪುರದಲ್ಲಿಯೇ ಇದೆಯೇ ಎಂಬುದನ್ನೂ ವಿಚಾರಿಸಿರಿ. ಕೆಟ್ಟ ಯಂತ್ರವನ್ನು ಪುಣೆಗೋ ಮುಂಬಯಿಗೋ ಕಳುಹಿಸಿ ಹದಿನೈದು ದಿನ ಕಾಯುವಷ್ಟು ರಜೆ ನಮ್ಮಲ್ಲಿ ಯಾರಿಗಿದೆ?

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಲ್ಯಾಪ್‌ಟಾಪಿಗೂ ಸಲ್ಲುತ್ತದೆ. ಸಹವಾಸಿಯು ದುಬಾರಿಯದನ್ನು ತಂದನೆಂದು ನೀವೂ ತರಬೇಕಾದುದಿಲ್ಲ. ನಿಮ್ಮ ಕೆಲಸವೇನು, ನಿಮ್ಮ ದಾರಿ ಎಷ್ಟು, ನಿಮ್ಮ ಗಂಟು ಯಾವಮಟ್ಟದ್ದು, ಈ ಮೂರನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿರಿ. ಆ ಕಾಗದ ಕೈಯಲ್ಲಿದ್ದರೆ ಮಾರುವವನ ಮಾತು ಉದ್ದವಾದಷ್ಟೂ ನಿಮ್ಮ ನಿರ್ಧಾರ ಗಟ್ಟಿಯಾಗುವುದು.