ಪೆಡಲಿಲ್ಲ, ಚೈನಿಲ್ಲ, ಆದರೂ ಓಡುವ ಮೂರು ಗಾಲಿ ಸ್ಕೂಟರ್: ಕೊಳ್ಳೋಣವೇ?

ಮಕ್ಕಳೇ, ಈ ಸ್ಕೂಟರನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಮುಂದೆ ಒಂದು ಗಾಲಿ, ಹಿಂದೆ ಎರಡು ಗಾಲಿ. ಕೂರಲು ಸೀಟಿಲ್ಲ. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ಪೆಡಲ್ ಇಲ್ಲ, ಚೈನ್ ಕೂಡ ಇಲ್ಲ. ಹಿಂದಿನ ಎರಡು ಹಲಗೆಗಳ ಮೇಲೆ ಒಂದೊಂದು ಕಾಲಿಟ್ಟು ನಿಂತವರು ಹ್ಯಾಂಡಲ್ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಾಗುತ್ತಾರೆ. ಸ್ಕೂಟರ್ ಹಾವಿನಂತೆ ಹರಿದು ಮುಂದೆ ಹೋಗುತ್ತದೆ! ಬ್ರೆಜಿಲ್ ದೇಶದ ಗಿಲ್ಡೊ ಬೆಲೆಸ್ಕಿ ಎಂಬುವರು ರೂಪಿಸಿದ ಇಂಥ ವಾಹನಕ್ಕೆ ‘ಟ್ರೈಕ್’ ಎಂಬ ಹೆಸರಿದೆ. ‘ಇದರಿಂದ ಇಡೀ ದೇಹಕ್ಕೆ ವ್ಯಾಯಾಮ’ ಎಂದು ಮಾರುವವರು ಹೇಳುತ್ತಾರೆ.

ಅಪ್ಪನಿಗೋ ಅಮ್ಮನಿಗೋ ವೈದ್ಯರು “ದಿನವೂ ವ್ಯಾಯಾಮ ಮಾಡಿ” ಎಂದು ಹೇಳಿದ್ದರೆ, ಇದನ್ನೇ ಕೊಂಡರೆ ಹೇಗೆ ಎಂಬ ಮಾತು ಮನೆಯಲ್ಲಿ ಬರಬಹುದು. ಆದರೆ ಅದಕ್ಕೆ ಹಾಕುವ ಹಣ ಗದ್ದೆಯಲ್ಲಿ ದುಡಿದು, ಮೀನು ಮಾರಿ, ಸಂಬಳದಲ್ಲಿ ಉಳಿಸಿ ಕೂಡಿಟ್ಟದ್ದು. ಆದ್ದರಿಂದ ಜಾಹೀರಾತು ನೋಡಿ ಅಲ್ಲ, ವಿಜ್ಞಾನಿಗಳಂತೆ ಪ್ರಶ್ನೆ ಕೇಳಿ ತೀರ್ಮಾನಿಸೋಣ. ನಾಲ್ಕು ಪ್ರಶ್ನೆಗಳು ಸಾಕು.

ಮೊದಲ ಪ್ರಶ್ನೆ: ಇದು ಓಡುವುದು ಹೇಗೆ?

ಹಲಸಿನ ಹಣ್ಣಿನಿಂದ ಆಗತಾನೇ ತೆಗೆದ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದ್ದೀರಾ? ನೀವು ಒತ್ತುವುದು ಅಕ್ಕಪಕ್ಕದಿಂದ. ಬೀಜ ಚಿಮ್ಮುವುದು ಮುಂದಕ್ಕೆ! ಅದರ ಮೈ ಓರೆಯಾಗಿರುವುದರಿಂದ ಪಕ್ಕದ ಒತ್ತಡದ ಒಂದು ಭಾಗ ಅದನ್ನು ಮುಂದಕ್ಕೆ ತಳ್ಳುತ್ತದೆ. ಬಂಗಡೆ ಮೀನು ಈಜುವುದೂ ಹೀಗೆಯೇ. ಅದು ಬಾಲವನ್ನು ಬೀಸುವುದು ಎಡಬಲಕ್ಕೆ, ಸಾಗುವುದು ಮುಂದಕ್ಕೆ.

ಈ ಸ್ಕೂಟರಿನಲ್ಲೂ ಅದೇ ನಿಯಮ ಕೆಲಸ ಮಾಡುತ್ತದೆ. ಗಾಲಿ ಮುಂದಕ್ಕೆ ಸುಲಭವಾಗಿ ಉರುಳುತ್ತದೆ. ಆದರೆ ಪಕ್ಕಕ್ಕೆ ಜಾರಲು ನೆಲದ ಘರ್ಷಣೆ ಬಿಡುವುದಿಲ್ಲ. ಸವಾರ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಮೈಯನ್ನು ಎಡಕ್ಕೆ ಬಾಗಿಸಿದಾಗ ಮುಂದಿನ ಗಾಲಿ ಓರೆಯಾಗುತ್ತದೆ. ಆಗ ಸವಾರನ ಮೈಭಾರ ಗಾಲಿಯನ್ನು ಪಕ್ಕಕ್ಕೆ ಒತ್ತುತ್ತದೆ, ನೆಲ ಅಷ್ಟೇ ಬಲದಿಂದ ತಿರುಗಿ ಒತ್ತುತ್ತದೆ. ಗಾಲಿ ಓರೆಯಾಗಿರುವುದರಿಂದ ಆ ಬಲದ ಒಂದು ಪಾಲು ಸ್ಕೂಟರನ್ನು ಮುಂದಕ್ಕೆ ನೂಕುತ್ತದೆ. ನಂತರ ಬಲಕ್ಕೆ, ಮತ್ತೆ ಎಡಕ್ಕೆ. ಪ್ರತಿ ತಿರುವಿನಲ್ಲೂ ಒಂದೊಂದು ನೂಕು!

ಇಲ್ಲಿ ಮಾಯೆ ಏನೂ ಇಲ್ಲ. ನೀವು ತಿಂದ ಅನ್ನ, ಸಾರಿನಲ್ಲಿದ್ದ ರಾಸಾಯನಿಕ ಶಕ್ತಿ ಸ್ನಾಯುಗಳಿಗೆ ಹೋಗಿ, ಅಲ್ಲಿಂದ ಚಲನಶಕ್ತಿಯಾಗಿ ಗಾಲಿಗೆ ಬರುತ್ತದೆ. ಎಂಜಿನ್ ಇಲ್ಲವೆಂದೆವಲ್ಲ, ನಿಜವಾಗಿ ಇದೆ. ಆ ಎಂಜಿನ್ ನೀವೇ!

ಎರಡನೆಯ ಪ್ರಶ್ನೆ: ಇದರಿಂದ ವ್ಯಾಯಾಮ ಆಗುತ್ತದೆಯೇ?

ಆಗುತ್ತದೆ. ನಿಂತು ಬಾಗುವಾಗ ಕಾಲು, ಸೊಂಟ, ಬೆನ್ನು, ತೋಳು ಎಲ್ಲಕ್ಕೂ ಕೆಲಸ ಸಿಗುತ್ತದೆ. ಆದರೆ ಎಷ್ಟು ವ್ಯಾಯಾಮ ಎಂಬುದನ್ನು ನಿರ್ಧರಿಸುವುದು ಯಂತ್ರವಲ್ಲ, ನೀವು ಎಷ್ಟು ಹೊತ್ತು, ಎಷ್ಟು ಶ್ರಮಪಡುತ್ತೀರಿ ಎಂಬುದು. ಇಳಿಜಾರಿನಲ್ಲಿ ಸುಮ್ಮನೆ ನಿಂತರೂ ಸ್ಕೂಟರ್ ಓಡುತ್ತದೆ. ಆಗ ಕೆಲಸ ಮಾಡುವುದು ಭೂಮಿಯ ಗುರುತ್ವ, ನಿಮ್ಮ ಸ್ನಾಯುಗಳಲ್ಲ. ಅಲ್ಲದೆ ಅಭ್ಯಾಸವಾದಂತೆ ಅದೇ ವೇಗಕ್ಕೆ ಕಡಿಮೆ ಶ್ರಮ ಸಾಕಾಗುತ್ತದೆ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆ ಮಾಡಬೇಕು, ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ಬಿರುಸಿನ ನಡಿಗೆ, ಕಬಡ್ಡಿ, ಹಗ್ಗದಾಟ, ಸೈಕಲ್ ತುಳಿಯುವುದು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ‘ಸಾಧಾರಣ ಶ್ರಮ’ವನ್ನು ಗುರುತಿಸುವುದು ಹೇಗೆ? ಮಾತನಾಡಲು ಸಾಧ್ಯ, ಆದರೆ ಹಾಡಲು ಉಸಿರು ಸಾಲದು. ಅಷ್ಟಾದರೆ ಸರಿ.

ಮಾಡಿ ನೋಡಿ: ಮಣಿಕಟ್ಟಿನ ಹೆಬ್ಬೆರಳಿನ ಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ಮಿಡಿತವನ್ನು 15 ಸೆಕೆಂಡು ಎಣಿಸಿ. ಅದನ್ನು 4ರಿಂದ ಗುಣಿಸಿದರೆ ಒಂದು ನಿಮಿಷದ ಮಿಡಿತ ಸಿಗುತ್ತದೆ. ಕುಳಿತಿದ್ದಾಗ, 5 ನಿಮಿಷ ಬಿರುಸಾಗಿ ನಡೆದಾಗ, 2 ನಿಮಿಷ ಹಗ್ಗದಾಟ ಆಡಿದಾಗ, 5 ನಿಮಿಷ ಸೈಕಲ್ ತುಳಿದಾಗ ಎಣಿಸಿ ಪಟ್ಟಿ ಮಾಡಿ. ನಿಮ್ಮ ಹೃದಯಕ್ಕೆ ಹೆಚ್ಚು ಕೆಲಸ ಕೊಟ್ಟದ್ದು ಯಾವುದು?

ಮೂರನೆಯ ಪ್ರಶ್ನೆ: ನಮ್ಮೂರಿನಲ್ಲಿ ಓಡಿಸುವುದೆಲ್ಲಿ?

ಬಹಳ ಜನ ಮರೆಯುವ ಪ್ರಶ್ನೆ ಇದು. ಇಂಥ ಅನೇಕ ಸ್ಕೂಟರುಗಳ ಗಾಲಿ ಅಡ್ಡಳತೆಯಲ್ಲಿ ಸುಮಾರು 20 ಸೆಂ.ಮೀ. ಇರುತ್ತದೆ. ದೊಡ್ಡ ಸೈಕಲ್ಲಿನ ಗಾಲಿ ಸುಮಾರು 70 ಸೆಂ.ಮೀ. ದಾರಿಯಲ್ಲಿ 2 ಸೆಂ.ಮೀ. ಎತ್ತರದ ಕಲ್ಲು ಸಿಕ್ಕಿತು ಎನ್ನೋಣ. ಎರಡೂ ಗಾಲಿಗಳ ಮೇಲೆ ಒಂದೇ ಭಾರವಿದ್ದರೆ, ಕಲ್ಲನ್ನು ಹತ್ತಲು ಚಿಕ್ಕ ಗಾಲಿಗೆ ದೊಡ್ಡ ಗಾಲಿಯ ಎರಡು ಪಟ್ಟಿಗೂ ಹೆಚ್ಚು ಬಲ ಬೇಕು. ಗಾಲಿ ಗಕ್ಕನೆ ನಿಂತರೆ ನಿಂತಿರುವ ಸವಾರನ ಗತಿಯೇನು? ಜಡತ್ವದಿಂದಾಗಿ ಅವನ ದೇಹ ಮುಂದಕ್ಕೆ ಮುಗ್ಗರಿಸುತ್ತದೆ.

ಈಗ ನಮ್ಮ ಕಾರವಾರ, ಅಂಕೋಲೆಗಳನ್ನು ನೆನಪಿಸಿಕೊಳ್ಳಿ. ಕಾರವಾರದ ಟಾಗೋರ್ ಕಡಲತೀರ ವಿಶಾಲವಾಗಿದೆ ನಿಜ. ಆದರೆ ಮರಳಿನಲ್ಲಿ ಚಿಕ್ಕ ಗಾಲಿ ಹೂತುಹೋಗುತ್ತದೆ. ಮೈದಾನದ ಮಣ್ಣು ಮೆತ್ತಗಿದ್ದರೆ ನಮ್ಮ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತದೆ. ಎರಡು ಊರುಗಳ ನಡುವೆ ಬಿಣಗಾ, ಅರಗಾ, ಅಮದಳ್ಳಿಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 66 ನುಣುಪಾಗಿದೆ. ಆದರೆ ಅಲ್ಲಿ ಲಾರಿ, ಬಸ್ಸುಗಳು ವೇಗವಾಗಿ ಓಡುತ್ತವೆ. ಹಾವಿನಂತೆ ಅತ್ತಿತ್ತ ಹರಿಯುವ ಸ್ಕೂಟರಿಗೆ ಸೈಕಲ್ಲಿಗಿಂತ ಅಗಲವಾದ ಜಾಗ ಬೇಕು. ಆದ್ದರಿಂದ ಹೆದ್ದಾರಿಯಲ್ಲಿ ಇದನ್ನು ಎಂದೂ ಓಡಿಸಬಾರದು. ಇದಕ್ಕೆ ಬೇಕಾದದ್ದು ವಾಹನ ಸಂಚಾರವಿಲ್ಲದ, ಸಮತಟ್ಟಾದ, ಗಟ್ಟಿ ನೆಲ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಅಂಥ ಜಾಗ ಇದೆಯೇ?

ಮಳೆಯನ್ನೂ ಮರೆಯಬೇಡಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 3000 ಮಿ.ಮೀ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಪಾಚಿ ಕಟ್ಟಿದ ಒದ್ದೆ ನೆಲದಲ್ಲಿ ಘರ್ಷಣೆ ಕಡಿಮೆ. ಘರ್ಷಣೆ ಇಲ್ಲದಿದ್ದರೆ ಈ ಸ್ಕೂಟರ್ ಮುಂದೆ ಹೋಗದು, ಪಕ್ಕಕ್ಕೆ ಜಾರಿ ಬೀಳಿಸುತ್ತದೆ.

ನಾಲ್ಕನೆಯ ಪ್ರಶ್ನೆ: ಎಷ್ಟು ಕಾಲ ಬಾಳುತ್ತದೆ?

1930ರಲ್ಲಿ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹ ನಡೆಸಿದ್ದನ್ನು ನೀವು ಕೇಳಿದ್ದೀರಿ. ಕಡಲ ನೀರಿನಲ್ಲಿರುವ ಆ ಉಪ್ಪೇ ಸಣ್ಣ ಹನಿಗಳಾಗಿ ಗಾಳಿಯಲ್ಲೂ ತೇಲಿ ಬರುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಸ್ಕೂಟರಿನ ಚೌಕಟ್ಟು ಅಲ್ಯುಮಿನಿಯಂನದ್ದಾದರೂ ಬೇರಿಂಗ್, ಸ್ಕ್ರೂ, ಬ್ರೇಕಿನ ತಂತಿಗಳು ಸಾಮಾನ್ಯವಾಗಿ ಉಕ್ಕಿನವು. ಅವನ್ನು ಒರೆಸಿ ಎಣ್ಣೆ ಹಾಕುತ್ತಿರಬೇಕು. ಸೈಕಲ್ ಕೆಟ್ಟರೆ ಊರಿನ ಸೈಕಲ್ ಅಂಗಡಿಯಲ್ಲಿ ರಿಪೇರಿಯಾಗುತ್ತದೆ. ಇದರ ಬಿಡಿಭಾಗಗಳು ಎಲ್ಲಿ ಸಿಗುತ್ತವೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಬೇಕು.

ಒಂದು ಲೆಕ್ಕ ಮಾಡೋಣ. ಸ್ಕೂಟರಿನ ಬೆಲೆ 24,000 ರೂಪಾಯಿ ಎಂದುಕೊಳ್ಳಿ. ಮಳೆಗಾಲದ 122 ದಿನ ಬಿಟ್ಟರೆ ವರ್ಷದಲ್ಲಿ 243 ದಿನ ಉಳಿಯುತ್ತವೆ. 240 ದಿನ ಬಳಸಿದರೆ, ಮೊದಲ ವರ್ಷದಲ್ಲಿ ದಿನಕ್ಕೆ 100 ರೂಪಾಯಿ ಬಿದ್ದಂತಾಯಿತು. 20 ದಿನ ಓಡಿಸಿ ಮೂಲೆಗೆ ಸೇರಿಸಿದರೆ? ದಿನಕ್ಕೆ 1200 ರೂಪಾಯಿ! 120 ರೂಪಾಯಿಯ ಹಗ್ಗದಿಂದ 240 ದಿನ ಆಡಿದರೆ ದಿನಕ್ಕೆ ಬರೀ 50 ಪೈಸೆ.

ಹಾಗಾದರೆ ಕೊಳ್ಳಬೇಕೇ, ಬೇಡವೇ?

ಮನೆಯ ಹತ್ತಿರ ಸುರಕ್ಷಿತವಾದ ಗಟ್ಟಿ ನೆಲವಿದ್ದು, ಓಡಿಸಿ ನೋಡಿದ ಮೇಲೆ ಇಷ್ಟವಾಗಿ, ರಿಪೇರಿಗೂ ದಾರಿಯಿದ್ದರೆ ಕೊಳ್ಳಬಹುದು. ಇಷ್ಟಪಟ್ಟು ಮಾಡುವ ವ್ಯಾಯಾಮವನ್ನು ಜನ ನಡುವೆ ಬಿಡುವುದು ಕಡಿಮೆ. ಹೆಲ್ಮೆಟ್ ಮಾತ್ರ ಬೇಕೇ ಬೇಕು. ಹೃದಯದ ತೊಂದರೆ, ಮಂಡಿನೋವು, ತಲೆಸುತ್ತು ಇರುವವರು ವೈದ್ಯರನ್ನು ಕೇಳಿಯೇ ಹತ್ತಬೇಕು. ಆದರೆ ಈ ಪ್ರಶ್ನೆಗಳಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಹಣ ಉಳಿಸಿಕೊಳ್ಳುವುದೇ ಜಾಣತನ. ಸಂಜೆ ಅಪ್ಪ, ಅಮ್ಮನ ಕೈಹಿಡಿದು ದಿನಕ್ಕೆ 30 ನಿಮಿಷ ಬಿರುಸಾಗಿ ನಡೆಯಿರಿ. ವಾರಕ್ಕೆ 5 ದಿನ ನಡೆದರೆ ಅವರ 150 ನಿಮಿಷ ತುಂಬಿತು. ಇದಕ್ಕೆ ಬಿಡಿಭಾಗ ಬೇಡ, ತುಕ್ಕಿನ ಭಯವೂ ಇಲ್ಲ!

ಯೋಚಿಸಿ ಉತ್ತರಿಸಿ

1. ಎಣ್ಣೆ ಚೆಲ್ಲಿದ ನೆಲದ ಮೇಲೆ ಈ ಸ್ಕೂಟರ್ ಏಕೆ ಓಡುವುದಿಲ್ಲ?
2. ಒಂದು ಮೊಳೆಯನ್ನು ಸಾದಾ ನೀರಿನಲ್ಲಿ, ಇನ್ನೊಂದನ್ನು ಉಪ್ಪುನೀರಿನಲ್ಲಿ ಅರ್ಧ ಮುಳುಗಿಸಿ ಒಂದು ವಾರ ಇಡಿ. ಏನು ವ್ಯತ್ಯಾಸ ಕಂಡಿರಿ?
3. ನಿಮ್ಮ ಶಾಲೆಯ ಸುತ್ತಮುತ್ತ ಚಿಕ್ಕ ಗಾಲಿಯ ವಾಹನ ಓಡಿಸಲು ತಕ್ಕ ಜಾಗ ಎಲ್ಲಿದೆ? ನಕ್ಷೆ ಬರೆದು ಗುರುತಿಸಿ.